ಪ್ರವೇಶ ಸಿಕ್ಕ ಮೇಲೆ ಏನು? ಮುಂಬಯಿಯ ಪಾಲಿಕೆ ಶಾಲೆಗಳಲ್ಲಿ ವಿಕಲಚೇತನ ಮಕ್ಕಳಿಗೆ ನೆರವು ಪಡೆಯುವ ಬಗೆ

ಮುಂಬಯಿಯಲ್ಲಿ ವಿಕಲಚೇತನ ಮಗುವಿಗೆ ಮಹಾನಗರ ಪಾಲಿಕೆಯ ಶಾಲೆಯಲ್ಲಿ ಪ್ರವೇಶ ಸಿಗುವುದು ಈಗ ಅಷ್ಟು ಕಷ್ಟವಲ್ಲ. ಕಷ್ಟ ಶುರುವಾಗುವುದು ಆಮೇಲೆ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಸಮವಸ್ತ್ರ ಬರುತ್ತದೆ, ಮಧ್ಯಾಹ್ನದ ಊಟವೂ ಸಿಗುತ್ತದೆ. ಮಗು ಮಾತ್ರ ಕೊನೆಯ ಬೆಂಚಿನಲ್ಲಿ ಸುಮ್ಮನೆ ಕುಳಿತು ಒಂದು ತರಗತಿಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಸಾಯನ್ ಕೋಳಿವಾಡ, ಧಾರಾವಿ, ಗೋವಂಡಿ ಕಡೆಯ ಕನ್ನಡ ಕುಟುಂಬಗಳ ಜೊತೆ ಆಸ್ಪತ್ರೆ, ಕಚೇರಿಗಳಿಗೆ ಹೋಗಿ ಬಂದಿರುವ ನನಗೆ ಖಾತ್ರಿಯಾಗಿರುವ ಮಾತು ಒಂದೇ: ನೆರವು ತಾನಾಗಿ ನಡೆದು ಬರುವುದಿಲ್ಲ. ಬರೆದು ಕೇಳಿ, ಕೇಳಿದ್ದಕ್ಕೆ ಪೋಚ್ (ಅರ್ಜಿ ತಲುಪಿತೆಂಬ ಮೊಹರಿನ ಗುರುತು) ಪಡೆದವರ ಮಕ್ಕಳಿಗೆ ಅದು ಸಿಗುತ್ತದೆ. ವಿಜಯಪುರ, ಕಲಬುರಗಿಯಿಂದ ದುಡಿಯಲು ಬಂದವರೂ ಕೇಳಬಹುದು, ಕೇಳಬೇಕು.

ಕಾನೂನಿನ ಬಲ ಎಷ್ಟಿದೆ ಎಂದು ತಿಳಿದಿದ್ದರೆ ಕಚೇರಿಯಲ್ಲಿ ಧ್ವನಿ ನಡುಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ. ವಯಸ್ಸಿನ ದಾಖಲೆ ಇಲ್ಲ, ಟಿಸಿ ಬಂದಿಲ್ಲ, ಜೂನ್ ಕಳೆದುಹೋಯಿತು ಎಂಬ ಯಾವ ಕಾರಣಕ್ಕೂ ಪ್ರವೇಶ ನಿರಾಕರಿಸುವಂತಿಲ್ಲ. ಜಾತ್ರೆಗೆಂದು ಊರಿಗೆ ಹೋಗಿ ಜುಲೈಯಲ್ಲಿ ಮರಳುವ ಕುಟುಂಬಗಳು ಇದನ್ನು ನೆನಪಿಡಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನೆರೆಯ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು. ಅದೇ ಕಾಯ್ದೆಯ 16ನೆಯ ಕಲಂ ಶಾಲೆಯ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ: ಭೇದವಿಲ್ಲದ ಪ್ರವೇಶ, ಮಗು ಹತ್ತಿಳಿಯಬಲ್ಲ ಕಟ್ಟಡ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ, ಅದರ ಕಲಿಕೆಯ ಮೇಲೆ ನಿಗಾ, ಓಡಾಟದ ಸೌಲಭ್ಯ. ಈ ಒಂದು ಪುಟದ ನಕಲು ನಿಮ್ಮ ಚೀಲದಲ್ಲಿರಲಿ.

1. ಆಸ್ಪತ್ರೆಗೆ ಮುನ್ನ ಒಂದು ನೋಟ್‌ಬುಕ್

ವೈದ್ಯರ ಎದುರು ಕುಳಿತಾಗ ‘ಸರಿಯಾಗಿ ಓದುವುದಿಲ್ಲ’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ಸಿಗುವುದಿಲ್ಲ. ಎರಡು ಮೂರು ವಾರ ಮಗುವನ್ನು ಗಮನಿಸಿ, ಕಂಡದ್ದನ್ನು ದಿನಾಂಕ ಹಾಕಿ ಬರೆದಿಡಿ. ಹಿಂದಿನಿಂದ ಕರೆದರೆ ತಿರುಗುತ್ತದೆಯೇ? ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತದೆಯೇ? ಮೆಟ್ಟಿಲಿಳಿಯುವಾಗ ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಇಡುತ್ತದೆಯೇ?

ಓದು ಬರಹದ ತೊಡಕಿದ್ದರೆ ಮಗುವಿನ ಪಟ್ಟಿಪುಸ್ತಕವೇ ಸಾಕ್ಷಿ. ಮೂರನೆಯ ತರಗತಿಯ ಒಬ್ಬ ಹುಡುಗನ ಪುಸ್ತಕ ನನ್ನ ಕಣ್ಣಿಗೆ ಕಟ್ಟಿದಂತಿದೆ. ‘ಮರ’ ಎಂಬುದು ಪ್ರತಿ ಸಾಲಿನಲ್ಲೂ ‘ವರ’ ಆಗಿತ್ತು. ‘ಪ’ ಮತ್ತು ‘ಷ’ ಅದಲುಬದಲಾಗಿದ್ದವು. ‘ಅಕ್ಕ’ ಬರೆಯುವಾಗ ಒತ್ತು ಬಿಟ್ಟುಹೋಗಿತ್ತು, ‘ಕೀ’ಯ ದೀರ್ಘ ಎಲ್ಲೂ ಇರಲಿಲ್ಲ. ಅದೇ ಹುಡುಗ ಪಾಠವನ್ನು ಬಾಯಲ್ಲಿ ಕೇಳಿದರೆ ತಪ್ಪಿಲ್ಲದೆ ಹೇಳುತ್ತಿದ್ದ. ಶಾಲೆಯಲ್ಲಿ ಅವನಿಗೆ ಇದ್ದ ಹೆಸರು ‘ಸೋಮಾರಿ’. ಇಂಥ ಪುಟಗಳನ್ನು ಹರಿದು ಎಸೆಯಬೇಡಿ. ಹಳೆಯ ಪುಸ್ತಕಗಳನ್ನೂ ಸೇರಿಸಿ ಎತ್ತಿಡಿ.

ತರಗತಿಯ ಶಿಕ್ಷಕಿಗೂ ಒಂದು ಕೆಲಸವಿದೆ. ಕೇಂದ್ರದ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿ ‘ಪ್ರಶಸ್ತ್’ ಎಂಬ ಮೊಬೈಲ್ ಆ್ಯಪ್ ಸಿದ್ಧಪಡಿಸಿದೆ. ಸಾಮಾನ್ಯ ಶಿಕ್ಷಕರೇ ಪ್ರಶ್ನಾವಳಿ ತುಂಬಿ, ಯಾವ ಮಗುವಿಗೆ ತಪಾಸಣೆ ಬೇಕೆಂದು ಅದರಿಂದ ಗುರುತಿಸಬಹುದು. ‘ನನ್ನ ಮಗುವಿನ ಪ್ರಶಸ್ತ್ ತುಂಬಿದ್ದೀರಾ?’ ಎಂದು ಕೇಳಿ. ಕೇಳಿದ ಮೇಲೆ ತುಂಬುವವರೇ ಹೆಚ್ಚು.

2. ತಪಾಸಣೆ: ಎಲ್ಲಿ, ಯಾವ ಭಾಷೆಯಲ್ಲಿ

ಕೆಇಎಂ, ಸಾಯನ್, ನಾಯರ್, ಕೂಪರ್, ಜೆಜೆ ಆಸ್ಪತ್ರೆಗಳಲ್ಲಿ ತಪಾಸಣೆ ಮತ್ತು ಪ್ರಮಾಣಪತ್ರದ ವ್ಯವಸ್ಥೆಯಿದೆ. ಕಲಿಕಾ ತೊಡಕಿನ ಪರೀಕ್ಷೆಗೆ ಸಾಯನ್, ಕೆಇಎಂ, ನಾಯರ್‌ಗಳನ್ನು ಹಿಡಿಯಿರಿ. ಕಿವಿಯ ತೊಂದರೆಗೆ ಬಾಂದ್ರಾ ರಿಕ್ಲಮೇಶನ್‌ನ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ, ಕೈಕಾಲಿನ ತೊಂದರೆಗೆ ಹಾಜಿ ಅಲಿಯ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ. ಮೊದಲ ದಿನ ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ಆಸ್ಪತ್ರೆಯ ನೋಂದಣಿ ಚೀಟಿ) ಮಾಡಿಸಿ. ಪ್ರತಿ ಸಲವೂ ಅದೇ ಕೇಸ್ ಪೇಪರ್ ಒಯ್ಯಿರಿ. ಹೊಸದು ಮಾಡಿಸಿದರೆ ಹಳೆಯ ಪರೀಕ್ಷೆಗಳ ಎಳೆ ಕಡಿದುಹೋಗುತ್ತದೆ. ಇಡೀ ದಿನದ ಕೂಲಿ ಬಿಟ್ಟು ಬರುವವರು ಮುಂದಿನ ಪರೀಕ್ಷೆಗಳ ದಿನಾಂಕಗಳನ್ನು ಒಟ್ಟಿಗೆ ಕೇಳಿ ಬರೆಸಿಕೊಂಡರೆ ಅಲೆದಾಟ ಕಡಿಮೆಯಾಗುತ್ತದೆ.

ಕಲಿಕಾ ತೊಡಕಿನ ಪ್ರಮಾಣಪತ್ರ ಮಗುವಿಗೆ ಎಂಟು ವರ್ಷ ತುಂಬಿದ ಮೇಲೆ ಸಿಗುತ್ತದೆ, ಅದಕ್ಕೂ ಮುಂಚೆ ಕೊಡುವುದಿಲ್ಲ. ಆದರೆ ಶಾಲೆಯಲ್ಲಿ ಸಹಾಯ ಕೊಡಲು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಈ ವ್ಯತ್ಯಾಸ ಬಹಳ ಮುಖ್ಯ. ಕಾಗದ ಬರುವವರೆಗೆ ಏನೂ ಮಾಡುವಂತಿಲ್ಲ ಎನ್ನುವವರಿಗೆ 16ನೆಯ ಕಲಂ ತೋರಿಸಿ: ಕಲಿಕಾ ತೊಡಕನ್ನು ಆದಷ್ಟು ಬೇಗ ಪತ್ತೆಹಚ್ಚಿ ಕಲಿಸುವ ವಿಧಾನವನ್ನು ಅದಕ್ಕೆ ಹೊಂದಿಸುವುದು ಶಾಲೆಯದೇ ಕರ್ತವ್ಯ ಎಂದು ಅಲ್ಲಿದೆ.

ಭಾಷೆಯ ವಿಚಾರದಲ್ಲಿ ನಮ್ಮವರಿಗೆ ಹೆಚ್ಚು ಏಟು ಬೀಳುತ್ತದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಕನ್ನಡದ ಜೊತೆ ಮರಾಠಿ. ಇಂಥ ಮಗುವಿಗೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬುದ್ಧಿಮಟ್ಟದ ಪ್ರಶ್ನೆ ಕೇಳಿದರೆ, ಪ್ರಶ್ನೆ ಅರ್ಥವಾಗದೆ ಸುಮ್ಮನಿದ್ದದ್ದೂ ಬುದ್ಧಿಯ ಕೊರತೆಯ ಲೆಕ್ಕಕ್ಕೆ ಹೋಗುತ್ತದೆ. ಪರೀಕ್ಷೆ ಶುರುವಾಗುವ ಮುನ್ನವೇ ಮೂರು ವಿಷಯ ಹೇಳಿ: ಮಗುವಿನ ಮನೆಮಾತು ಯಾವುದು, ಕಲಿಯುವ ಮಾಧ್ಯಮ ಯಾವುದು, ಸೂಚನೆಗಳನ್ನು ಕನ್ನಡದಲ್ಲಿ ಹೇಳಲು ನೀವು ಪಕ್ಕದಲ್ಲಿ ಕೂರಬಹುದೇ. ಮಾತಿಲ್ಲದೆ ಚಿತ್ರ, ಆಕಾರಗಳ ಮೂಲಕ ಮಾಡುವ ಪರೀಕ್ಷೆಗಳೂ ಇವೆ. ಅವನ್ನು ಕೇಳುವುದರಲ್ಲಿ ಸಂಕೋಚ ಬೇಡ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು ಎಂಬುದನ್ನು ವರದಿಯಲ್ಲಿ ಬರೆಯಲು ವಿನಂತಿಸಿ.

‘ಮನೆಯಲ್ಲಿ ಕನ್ನಡ ಬಿಡಿ, ಒಂದೇ ಭಾಷೆ ಮಾತಾಡಿ, ಇಲ್ಲವಾದರೆ ಮಗುವಿಗೆ ಗೊಂದಲ’ ಎಂಬ ಸಲಹೆಯನ್ನು ನೆರೆಹೊರೆಯವರೂ ಕೆಲವು ಶಿಕ್ಷಕರೂ ಧಾರಾಳವಾಗಿ ಕೊಡುತ್ತಾರೆ. ಇದನ್ನು ಒಪ್ಪಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಆಗಲಿ ಬೌದ್ಧಿಕ ವೈಕಲ್ಯವಾಗಲಿ ಉಂಟಾಗುವುದಿಲ್ಲ, ಹೆಚ್ಚುವುದೂ ಇಲ್ಲ. ಅಜ್ಜಿಯ ಜೊತೆ, ಅಮ್ಮನ ಜೊತೆ ಮನಬಿಚ್ಚಿ ಆಡುವ ಮಾತನ್ನೇ ಕಿತ್ತುಕೊಂಡರೆ ಮಗುವಿಗೆ ಉಳಿಯುವುದೇನು?

3. ಯುಡಿಐಡಿ ಕಾರ್ಡ್

ಇದು ವಿಕಲಚೇತನರಿಗೆ ಕೇಂದ್ರ ಸರಕಾರ ಕೊಡುವ ಗುರುತಿನ ಚೀಟಿ. ಅರ್ಜಿ ಹಾಕುವುದು ಸ್ವಾವಲಂಬನ್ ಪೋರ್ಟಲ್ ಮೂಲಕ. ಆಧಾರ್, ಫೋಟೊ, ವಿಳಾಸದ ದಾಖಲೆ ಸಿದ್ಧವಿರಲಿ. ಮಗುವಿನ ಹೆಸರು ಆಧಾರ್‌ನಲ್ಲಿ, ಜನನ ಪ್ರಮಾಣಪತ್ರದಲ್ಲಿ, ಶಾಲೆಯ ದಾಖಲೆಯಲ್ಲಿ ಒಂದೇ ರೀತಿ ಇದೆಯೇ ನೋಡಿ. ಊರಿನಲ್ಲಿ ಮಾಡಿಸಿದ ಆಧಾರ್‌ನಲ್ಲಿ ತಂದೆಯ ಹೆಸರು ಇನಿಶಿಯಲ್ ಆಗಿದ್ದು, ಇಲ್ಲಿನ ಶಾಲೆಯಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ನಡುವೆ ಪೂರ್ತಿ ಬರೆದಿರುತ್ತದೆ. ಅರ್ಜಿ ನಿಲ್ಲುವುದು ಇಂಥಲ್ಲೇ.

ಕರ್ನಾಟಕದಲ್ಲಿ ಮಾಡಿಸಿದ ಕಾರ್ಡ್ ಇದ್ದರೆ ಇಲ್ಲಿ ಮತ್ತೆ ಮಾಡಿಸುವ ಅಗತ್ಯವಿಲ್ಲ. ಅದು ದೇಶದಾದ್ಯಂತ ನಡೆಯುತ್ತದೆ. ಮಹಾರಾಷ್ಟ್ರ ಸರಕಾರದ ಕೆಲವು ಧನಸಹಾಯ ಯೋಜನೆಗಳಿಗೆ ಡೊಮಿಸೈಲ್ (ಇಲ್ಲಿನ ಕಾಯಂ ನಿವಾಸಿ ಎಂಬ ದಾಖಲೆ) ಕೇಳುತ್ತಾರೆ. ಶಾಲೆಯ ಕಲಿಕೆ ಬೇರೆ, ಆ ಯೋಜನೆಗಳು ಬೇರೆ. ಡೊಮಿಸೈಲ್ ಇಲ್ಲವೆಂದು ಮಗುವನ್ನು ಶಾಲೆಯಿಂದ ಹಿಂದಕ್ಕೆ ಕಳುಹಿಸುವಂತಿಲ್ಲ.

4. ಶಾಲೆಯ ದಾಖಲೆಯಲ್ಲಿ ಮಗು ಇದೆಯೇ?

ಪ್ರತಿ ಶಾಲೆಯೂ ಯುಡೈಸ್ ಪ್ಲಸ್ ಎಂಬ ಗಣಕ ದಾಖಲೆಯಲ್ಲಿ ಮಕ್ಕಳ ಮಾಹಿತಿ ತುಂಬುತ್ತದೆ. ಅದರಲ್ಲಿ ವಿಶೇಷ ಅಗತ್ಯದ ಮಗು ಎಂದು ಗುರುತು ಹಾಕುವ ಜಾಗವಿದೆ. ಅಲ್ಲಿ ‘ಇಲ್ಲ’ ಎಂದಿದ್ದರೆ ಸರಕಾರದ ಲೆಕ್ಕದಲ್ಲಿ ನಿಮ್ಮ ಮಗುವಿಗೆ ಯಾವ ನೆರವೂ ಬೇಡ ಎಂದಾಯಿತು. ಮುಖ್ಯಾಧ್ಯಾಪಕರ ಬಳಿ ಕುಳಿತು, ವೈಕಲ್ಯದ ಬಗೆ ಸರಿಯಾಗಿ ದಾಖಲಾಗಿದೆಯೇ ಎಂದು ಕಣ್ಣಾರೆ ನೋಡಿ.

ಬಳಿಕ ಕೇಳಬೇಕಾದದ್ದು ವಿಶೇಷ ಶಿಕ್ಷಕಿಯ ಬಗ್ಗೆ. ಸಮಗ್ರ ಶಿಕ್ಷಾ ಯೋಜನೆಯಡಿ ನಗರ ಸಾಧನ ಕೇಂದ್ರಗಳಿವೆ. ಕಚೇರಿಗಳಲ್ಲಿ ಯುಆರ್‌ಸಿ ಎನ್ನುತ್ತಾರೆ. ವಿಶೇಷ ಶಿಕ್ಷಕರು ಅಲ್ಲಿಂದ ಶಾಲೆಗಳಿಗೆ ಬರುತ್ತಾರೆ. ಪ್ರಾಥಮಿಕ ಹಂತದಲ್ಲಿ 10 ವಿಶೇಷ ಅಗತ್ಯದ ಮಕ್ಕಳಿಗೆ, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು; ಹುದ್ದೆಗಳನ್ನು ಸೃಷ್ಟಿಸಿ ತುಂಬಿ ಎಂದು 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಆದೇಶಿಸಿತು. ಒಬ್ಬರೇ ಹಲವು ಶಾಲೆಗಳನ್ನು ಸುತ್ತುವುದು ಇಂದಿಗೂ ಕಾಣುವ ಸ್ಥಿತಿ. ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಯಾವ ವಾರ ಬರುತ್ತಾರೆ, ಬಂದಾಗ ನಿಮ್ಮ ಮಗುವಿನ ಜೊತೆ ಎಷ್ಟು ಹೊತ್ತು ಕೂರುತ್ತಾರೆ ಎಂದು ಗೊತ್ತುಮಾಡಿಕೊಳ್ಳಿ, ಆ ದಿನ ಮಗು ಶಾಲೆ ತಪ್ಪದಂತೆ ನೋಡಿಕೊಳ್ಳಿ. ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಹಣ ತೆಗೆದುಕೊಂಡು ಮನೆಯಲ್ಲಿ ‘ಥೆರಪಿ’ ಕೊಡುತ್ತೇವೆ ಎನ್ನುವವರನ್ನು ಮೊದಲು ಕೇಳಬೇಕಾದದ್ದೂ ಇದೇ ನೋಂದಣಿ ಸಂಖ್ಯೆ.

5. ಅರ್ಜಿ ಮತ್ತು ಪೋಚ್

ಬಾಯಿಮಾತಿನ ವಿನಂತಿ ಮುಖ್ಯಾಧ್ಯಾಪಕರ ವರ್ಗಾವಣೆಯ ಜೊತೆ ಹೊರಟುಹೋಗುತ್ತದೆ. ಒಂದು ಪುಟದ ಅರ್ಜಿ ಬರೆಯಿರಿ. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡದಲ್ಲಿ ಕೊಡಬಹುದು. ವಾರ್ಡಿನ ಶಿಕ್ಷಣ ಕಚೇರಿಗೆ ಹೋಗುವ ಪ್ರತಿ ಮರಾಠಿಯಲ್ಲಿದ್ದರೆ ಕೆಲಸ ಬೇಗ. ಹೀಗೆ ಬರೆದರೆ ಸಾಕು:

‘ನನ್ನ ಮಗಳು ನಿಮ್ಮ ಶಾಲೆಯ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳಿಗೆ ಶ್ರವಣ ದೋಷವಿದ್ದು ಪ್ರಮಾಣಪತ್ರದ ನಕಲು ಜೊತೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16 ಮತ್ತು 17ನೆಯ ಕಲಂಗಳ ಪ್ರಕಾರ ಈ ಕೆಳಗಿನ ವ್ಯವಸ್ಥೆಗಳನ್ನು ವಿನಂತಿಸುತ್ತೇನೆ: ವಿಶೇಷ ಶಿಕ್ಷಕರ ಭೇಟಿ ಮತ್ತು ಅದರ ವೇಳಾಪಟ್ಟಿ, ವೈಯಕ್ತಿಕ ಶಿಕ್ಷಣ ಯೋಜನೆ ಮತ್ತು ಅದರ ಒಂದು ಪ್ರತಿ, ಮೊದಲ ಸಾಲಿನಲ್ಲಿ ಆಸನ. ತೆಗೆದುಕೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.’

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ಸಹಿ, ದಿನಾಂಕ ಮತ್ತು ಆವಕ್ (ಒಳಬಂದ ಕಾಗದದ) ಸಂಖ್ಯೆ ಹಾಕಿಸಿಕೊಳ್ಳಿ. ಇದೇ ಪೋಚ್. ‘ಇಟ್ಟು ಹೋಗಿ, ನೋಡುತ್ತೇವೆ’ ಎಂದರೆ ಇಟ್ಟು ಹೋಗಬೇಡಿ. ಮೊಹರು ಹಾಕಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿಯನ್ನು ಅರ್ಜಿಯ ಪ್ರತಿಗೇ ಅಂಟಿಸಿಡಿ.

6. ವೈಯಕ್ತಿಕ ಶಿಕ್ಷಣ ಯೋಜನೆ

ಎಲ್ಲರೂ ಐಇಪಿ ಎಂದು ಕರೆಯುವ ಈ ಯೋಜನೆಯೇ ಇಡೀ ವ್ಯವಸ್ಥೆಯ ಜೀವ. ಮಗು ಈಗ ಎಲ್ಲಿದೆ, ಇಷ್ಟು ತಿಂಗಳಲ್ಲಿ ಏನು ಕಲಿಯಬೇಕು, ಯಾರು ಕಲಿಸುತ್ತಾರೆ, ಕಲಿತದ್ದು ಹೇಗೆ ಗೊತ್ತಾಗುತ್ತದೆ ಎಂಬುದೆಲ್ಲ ಅದರಲ್ಲಿ ಇರಬೇಕು. ನಾನು ನೋಡಿರುವ ಬಹಳಷ್ಟು ಯೋಜನೆಗಳಲ್ಲಿ ಇರುವುದು ‘ಓದುವ ಸಾಮರ್ಥ್ಯ ಹೆಚ್ಚಿಸುವುದು’, ‘ಸಾಮಾಜಿಕ ಕೌಶಲ ಬೆಳೆಸುವುದು’ ಎಂಬಂಥ ಸಾಲುಗಳು. ಯಾವ ಮಗುವಿನ ಹೆಸರು ಹಾಕಿದರೂ ನಡೆಯುವ ಸಾಲುಗಳು ಇವು. ಸಹಿ ಹಾಕುವ ಮುನ್ನ ಬದಲಾಯಿಸಲು ಕೇಳಿ.

ಆ ‘ಮರ–ವರ’ದ ಹುಡುಗನಿಗೆ ಬರೆಯಬೇಕಾದದ್ದು ಹೀಗೆ: ದೀಪಾವಳಿ ರಜೆಯೊಳಗೆ ಮ ಮತ್ತು ವ ಅಕ್ಷರಗಳಿರುವ ಹತ್ತು ಪದಗಳಲ್ಲಿ ಎಂಟನ್ನು ಸರಿಯಾಗಿ ಓದುತ್ತಾನೆ, ವಾರಕ್ಕೆ ಮೂರು ದಿನ ಹದಿನೈದು ನಿಮಿಷ ತರಗತಿಯ ಶಿಕ್ಷಕಿ ಮರಳಿನ ತಟ್ಟೆಯಲ್ಲಿ ಅಕ್ಷರ ತಿದ್ದಿಸುತ್ತಾರೆ, ಸಮಾಜ ಪಾಠದ ಉತ್ತರಗಳನ್ನು ಬಾಯಲ್ಲಿ ಕೇಳಿ ಅಂಕ ಕೊಡುತ್ತಾರೆ. ಬೌದ್ಧಿಕ ವೈಕಲ್ಯ ಇರುವ ಮಗುವಾದರೆ ಗುರಿ ಬೇರೆಯೇ ಇರಬಹುದು: ಶೌಚಾಲಯಕ್ಕೆ ಹೋಗಬೇಕೆಂದು ಸನ್ನೆಯಿಂದಲಾದರೂ ತಿಳಿಸುವುದು, ಹತ್ತು ರೂಪಾಯಿಯ ನೋಟು ಗುರುತಿಸುವುದು, ತನ್ನ ಹೆಸರು, ಮನೆಯ ಗಲ್ಲಿ ಹೇಳುವುದು. ಇವು ಪಾಠವಲ್ಲ ಎಂದು ಯಾರಾದರೂ ಅಂದರೆ ಕಿವಿಗೊಡಬೇಡಿ. ಈ ನಗರದ ಜನಜಂಗುಳಿಯಲ್ಲಿ ಕೈತಪ್ಪಿದ ಮಗುವಿಗೆ ತನ್ನ ಗಲ್ಲಿಯ ಹೆಸರು ಹೇಳಲು ಬಂದರೆ ಅದಕ್ಕಿಂತ ದೊಡ್ಡ ಪಾಠ ಯಾವುದಿದೆ?

ಯೋಜನೆ ಬರೆಯುವ ಸಭೆಗೆ ನೀವು ಹೋಗಲೇಬೇಕು. ಮಗು ಮನೆಯಲ್ಲಿ ಏನೇನು ಮಾಡುತ್ತದೆ ಎಂಬುದು ನಿಮಗಷ್ಟೇ ಗೊತ್ತು. ಮೂರು ತಿಂಗಳಿಗೊಮ್ಮೆ ಪರಿಶೀಲನೆ ಇಟ್ಟುಕೊಳ್ಳಿ ಎಂದು ಕೇಳಿ, ಮುಂದಿನ ದಿನಾಂಕವನ್ನು ಕಾಗದದ ಕೆಳಗೇ ಬರೆಸಿ.

7. ತರಗತಿಯೊಳಗಿನ ಸಣ್ಣ ಬದಲಾವಣೆಗಳು

ಹಣ ಬೇಡದ, ಮನಸ್ಸಷ್ಟೇ ಬೇಕಾದ ನೆರವುಗಳು ಬಹಳ ಇವೆ. ಪಾಲಿಕೆಯ ಒಂದೇ ಕಟ್ಟಡದಲ್ಲಿ ಹಲವು ಮಾಧ್ಯಮದ ಶಾಲೆಗಳು ನಡೆಯುತ್ತವೆ. ಕನ್ನಡ ವಿಭಾಗ ಮೇಲಿನ ಮಹಡಿಯಲ್ಲಿರಬಹುದು. ಕಾಲಿನ ತೊಂದರೆಯ ಮಗು ಇದ್ದರೆ ಆ ತರಗತಿಯನ್ನು ನೆಲಮಹಡಿಗೆ ಬದಲಿಸಿ ಎಂದು ಕೇಳಬಹುದು. ಅಮ್ಮ ದಿನವೂ ಸೊಂಟದ ಮೇಲೆ ಹೊತ್ತು ಮೂರು ಮಹಡಿ ಹತ್ತುವುದು ಪರಿಹಾರವಲ್ಲ.

ಕಿವಿಯ ಯಂತ್ರ ಹಾಕಿದ ಮಗುವನ್ನು ಮುಂದೆ ಕೂರಿಸಿದರೆ ಸಾಲದು, ಸದ್ದು ಮಾಡುವ ಫ್ಯಾನಿನ ಕೆಳಗೆ ಕೂರಿಸಬಾರದು. ಶಿಕ್ಷಕಿ ಬೋರ್ಡಿಗೆ ಮುಖ ಮಾಡಿ ಮಾತಾಡಿದರೆ ಮಗುವಿಗೆ ತುಟಿ ಕಾಣುವುದಿಲ್ಲ. ಬರೆದು ಮುಗಿಸಿ, ತಿರುಗಿ, ಆಮೇಲೆ ಹೇಳಬೇಕು. ಮುಂಬಯಿಯ ಮಳೆಗಾಲ ಈ ಯಂತ್ರಕ್ಕೆ ದೊಡ್ಡ ಶತ್ರು. ರಾತ್ರಿ ಬ್ಯಾಟರಿ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪುಡಿಕೆ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಿಡಿ ಬ್ಯಾಟರಿ ಒಂದು ಶಿಕ್ಷಕಿಯ ಮೇಜಿನಲ್ಲೂ ಇರಲಿ.

ದೃಷ್ಟಿ ಮಂದವಿದ್ದರೆ ಕಿಟಕಿಯ ಬೆಳಕು ಬೋರ್ಡಿನ ಮೇಲೆ ಹೊಳೆಯದ ಜಾಗ ನೋಡಿ, ದಪ್ಪ ಗೆರೆಯ ಪುಸ್ತಕ ಕೊಡಿ. ಆಟಿಸಂ ಇರುವ ಮಗುವಿಗೆ ಪ್ರಾರ್ಥನೆಯ ಮೈಕು, ಊಟದ ಬಿಡುವಿನ ಗದ್ದಲ ಹಿಂಸೆಯಾಗಬಹುದು. ಆ ಹೊತ್ತಿನಲ್ಲಿ ಕೂರಲು ಒಂದು ಶಾಂತ ಮೂಲೆ ಗೊತ್ತುಮಾಡಿ.

ಎರಡನೆಯ, ಮೂರನೆಯ ಭಾಷೆಯಿಂದ ವಿನಾಯಿತಿ ಕೇಳಲು 17ನೆಯ ಕಲಂ ಅವಕಾಶ ಕೊಡುತ್ತದೆ. ಕನ್ನಡ ಮಾಧ್ಯಮದ ಮಗುವಿನ ತಲೆಯ ಮೇಲೆ ಮರಾಠಿ, ಹಿಂದಿ, ಇಂಗ್ಲಿಷ್ ಮೂರರ ಲಿಖಿತ ಪರೀಕ್ಷೆಯ ಹೊರೆ ಇರುವಾಗ ಇದು ದೊಡ್ಡ ಸಮಾಧಾನ. ಬರಹದ ಹೊರೆ ಇಳಿಸಿ. ಮರಾಠಿ ಮಾತನ್ನು ಮಾತ್ರ ಕಲಿಯುತ್ತಿರಲಿ, ಮಗು ಬಾಳಬೇಕಾದದ್ದು ಇಲ್ಲಿಯೇ.

8. ಹಣ, ಸಲಕರಣೆ

ಸಮಗ್ರ ಶಿಕ್ಷಾದಲ್ಲಿ ಪ್ರತಿ ವಿಶೇಷ ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಲೆಕ್ಕ ಹಾಕುತ್ತಾರೆ. ಅದು ಕೈಗೆ ಬರುವ ಹಣವಲ್ಲ. ಸಲಕರಣೆ, ಬ್ರೈಲ್ ಪುಸ್ತಕ, ಓಡಾಟದ ಭತ್ಯೆ, ಜೊತೆಗಾರರ ಭತ್ಯೆಗಳಿಗೆಂದು ಇಟ್ಟದ್ದು. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಭತ್ಯೆ ಖಾತೆಗೆ ಬರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿಡಿ. ಗಾಲಿಕುರ್ಚಿ, ಕಿವಿಯ ಯಂತ್ರಗಳಿಗೆ ಕೇಂದ್ರದ ಎಡಿಪ್ ಯೋಜನೆಯಿದೆ. ಕುಟುಂಬದ ತಿಂಗಳ ವರಮಾನ 22,500 ರೂಪಾಯಿ ಮೀರದಿದ್ದರೆ ಪೂರ್ತಿ ಉಚಿತ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಕಿವಿಯೊಳಗೆ ಕೂರಿಸುವ ಶ್ರವಣ ಸಾಧನ) ಕೂಡ ಇದೇ ಯೋಜನೆಯಲ್ಲಿ ಸಿಗುತ್ತದೆ, ಅಲಿ ಯಾವರ್ ಜಂಗ್ ಸಂಸ್ಥೆಯೇ ಅದರ ಮುಖ್ಯ ಕೇಂದ್ರ. ಐದು ವರ್ಷ ದಾಟಿದರೆ ಬಾಗಿಲು ಮುಚ್ಚುತ್ತದೆ. ‘ದೊಡ್ಡವನಾದ ಮೇಲೆ ಮಾತು ಬರುತ್ತದೆ, ನಮ್ಮ ಮಾವನಿಗೂ ತಡವಾಗಿ ಬಂತು’ ಎಂದು ಕಾಯುತ್ತಾ ಕೂರಬೇಡಿ.

9. ಶಾಲೆಗೆ ಬರಲಾಗದ ಮಗು

ತೀವ್ರ ಅಥವಾ ಬಹುವಿಧ ವೈಕಲ್ಯ ಇರುವ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ಅದು ಪಾಲಕರ ಆಯ್ಕೆ. ‘ಇವನನ್ನು ನೋಡಿಕೊಳ್ಳಲು ನಮ್ಮಿಂದ ಆಗದು, ಮನೆಯಲ್ಲೇ ಇರಲಿ’ ಎಂದು ಶಾಲೆ ತೀರ್ಮಾನಿಸುವಂತಿಲ್ಲ. ಪಾಲಿಕೆ ನಡೆಸುವ ವಿಶೇಷ ಶಾಲೆಗಳೂ ಇವೆ. ಒಮ್ಮೆ ಹೋಗಿ ನೋಡಿ, ಮಗುವನ್ನೂ ಕರೆದೊಯ್ಯಿರಿ.

10. ಉತ್ತರ ಬಾರದಿದ್ದರೆ

ಮುಖ್ಯಾಧ್ಯಾಪಕರ ಮೇಲೆ ಶಾಲೆಗಳ ಉಸ್ತುವಾರಿ ನೋಡುವ ಬೀಟ್ ಆಫೀಸರ್, ಅವರ ಮೇಲೆ ವಾರ್ಡಿನ ಆಡಳಿತಾಧಿಕಾರಿ, ಆಮೇಲೆ ಪಾಲಿಕೆಯ ಶಿಕ್ಷಣಾಧಿಕಾರಿ. ಪ್ರತಿ ಹಂತದಲ್ಲೂ ಹಿಂದಿನ ಅರ್ಜಿಯ ಪೋಚ್ ನಕಲು ಸೇರಿಸಿ. ಶಿಕ್ಷಣ ಹಕ್ಕು ಕಾಯ್ದೆಯಡಿ ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟ ದೂರು ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು. ಬಳಿಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ವೈಕಲ್ಯದ ಕಾರಣಕ್ಕೆ ಭೇದ ಮಾಡಿದ್ದರೆ ಪುಣೆಯಲ್ಲಿರುವ ದಿವ್ಯಾಂಗ ಕಲ್ಯಾಣ ಆಯುಕ್ತರಿಗೆ ಬರೆಯಬಹುದು.

ನನಗೆ ಹೆಚ್ಚು ಉಪಯುಕ್ತವಾಗಿ ಕಂಡಿರುವುದು ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, 30 ದಿನಗಳಲ್ಲಿ ಉತ್ತರ. ‘ಈ ಶಾಲೆಗೆ ಕಳೆದ ಶೈಕ್ಷಣಿಕ ವರ್ಷದಲ್ಲಿ ವಿಶೇಷ ಶಿಕ್ಷಕರು ಭೇಟಿ ಕೊಟ್ಟ ದಿನಾಂಕಗಳು ಮತ್ತು ಭೇಟಿ ವಹಿಯ ನಕಲು ಕೊಡಿ’ ಎಂಬ ಒಂದೇ ಪ್ರಶ್ನೆ ಸಾಕು. ಉತ್ತರ ಬರುವ ಮೊದಲೇ ಭೇಟಿಗಳು ಶುರುವಾಗುವುದೂ ಉಂಟು.

11. ಶಾಲೆ ಬದಲಾಗುವಾಗ

ಪಾಲಿಕೆಯ ಪ್ರಾಥಮಿಕ ಶಾಲೆ ಮುಗಿಸಿ ಪ್ರೌಢಶಾಲೆಗೆ ಹೋಗುವಾಗ ನೆರವಿನ ಎಳೆ ಕಡಿಯುವುದು ಹೆಚ್ಚು. ಹೊಸ ಶಾಲೆಗೆ ಲೀವಿಂಗ್ ಸರ್ಟಿಫಿಕೇಟ್ (ಶಾಲೆ ಬಿಟ್ಟ ಪ್ರಮಾಣಪತ್ರ) ಹೋಗುತ್ತದೆ, ಐಇಪಿ ಹೋಗುವುದಿಲ್ಲ. ಆದ್ದರಿಂದ ಯುಡಿಐಡಿ, ವೈದ್ಯಕೀಯ ವರದಿಗಳು, ಎಲ್ಲ ಐಇಪಿಗಳು, ಪೋಚ್ ಇರುವ ಅರ್ಜಿಗಳ ನಕಲುಗಳನ್ನು ಒಂದು ಕಡತ ಮಾಡಿ ನೀವೇ ಕೈಯಾರೆ ಒಪ್ಪಿಸಿ. ಮೂಲ ಪ್ರತಿಗಳನ್ನು ಯಾರಿಗೂ ಕೊಡಬೇಡಿ. ಚಾಳಿನ ಮನೆಯಲ್ಲಿ ಮಳೆನೀರು ನುಗ್ಗುವುದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿ, ಮೊಬೈಲಿನಲ್ಲೂ ಫೋಟೊ ಇರಲಿ.

ಹತ್ತನೆಯ ತರಗತಿಯ ಪರೀಕ್ಷೆಗೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ, ಬರೆಯಲಾಗದ ಮಗುವಿಗೆ ಲಿಪಿಕಾರ ಮುಂತಾದ ಸವಲತ್ತುಗಳಿವೆ. ಇವನ್ನು ಶಾಲೆಯ ಮೂಲಕ ವಾಶಿಯಲ್ಲಿರುವ ಮುಂಬಯಿ ವಿಭಾಗೀಯ ಮಂಡಳಿಗೆ ಪ್ರಸ್ತಾವ ಕಳುಹಿಸಿ ಮಂಜೂರು ಮಾಡಿಸಿಕೊಳ್ಳಬೇಕು. ಒಂಬತ್ತನೆಯ ತರಗತಿಯಲ್ಲೇ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ನೋಡಿ. ಕಲಿಕಾ ತೊಡಕಿನ ಪ್ರಮಾಣಪತ್ರವನ್ನು 14 ವರ್ಷಕ್ಕೆ ಮತ್ತೆ ಮಾಡಿಸಬೇಕಾಗುತ್ತದೆ, ಆಸ್ಪತ್ರೆಯ ಸರದಿಗೆ ತಿಂಗಳುಗಳೇ ಹಿಡಿಯಬಹುದು. ಲಿಪಿಕಾರ ಬೇಕಿದ್ದರೆ ಕನ್ನಡ ಬರೆಯಬಲ್ಲ, ಕೆಳಗಿನ ತರಗತಿಯ ವಿದ್ಯಾರ್ಥಿಯನ್ನು ಮೊದಲೇ ಹುಡುಕಿ, ಇಬ್ಬರನ್ನೂ ಜೊತೆಗೆ ಕೂರಿಸಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬರೆಸಿ. ಒಬ್ಬರು ಹೇಳುವುದು, ಇನ್ನೊಬ್ಬರು ಬರೆಯುವುದು ಹೊಂದಿಕೊಳ್ಳಲು ಸಮಯ ಬೇಕು. ದೀಪಾವಳಿ ರಜೆಯಲ್ಲೇ ಶುರು ಮಾಡಿದರೆ ಮಾರ್ಚ್ ಹೊತ್ತಿಗೆ ಇಬ್ಬರಿಗೂ ಕೈ ಕುದುರಿರುತ್ತದೆ.